ಸಂಡೂರಿಗೆ ಹೋದ ಹುಬ್ಬಳ್ಳಿಯ ರೆಕ್ಕೆ

ಹುಬ್ಬಳ್ಳಿಯಿಂದ ಬೆಳಿಗ್ಗೆ ಆರು ಗಂಟೆಯ ಹೊಸಪೇಟೆ ಬಸ್ಸು ಹತ್ತಿದಾಗ ನನ್ನ ಜೊತೆಗೆ ಐದು ಅಡಿ ಉದ್ದದ ಮರದ ಪೆಟ್ಟಿಗೆಯೊಂದಿತ್ತು. ಅದನ್ನು ಬಸ್ಸಿನ ಮೇಲೆ ಹಾಕಲು ನಾನು ಒಪ್ಪಲಿಲ್ಲ, ಒಳಗಿಡಲು ಕಂಡಕ್ಟರ್ ಒಪ್ಪಲಿಲ್ಲ. ಕೊನೆಗೆ ಹಿಂದಿನ ಉದ್ದ ಸೀಟಿನ ಕೆಳಗೆ ತೂರಿಸಿದೆವು. ಅವನು ಅರ್ಧ ಟಿಕೆಟ್ಟಿನ ಲಗೇಜು ಚೀಟಿ ಹರಿದುಕೊಟ್ಟ. ಒಳಗೇನಿದೆ ಎಂದು ಕೇಳಿದ. ರೆಕ್ಕೆ ಎಂದೆ. ಯಾವ ಫ್ಯಾನಿನದು ಎಂದ. ಕಾರಿನದು ಎಂದಾಗ ನನ್ನ ಮುಖವನ್ನೊಮ್ಮೆ ನೋಡಿ ಮುಂದಿನ ಸೀಟಿಗೆ ಹೋದ.

ನಗುವುದಿದ್ದರೆ ಓದುಗರೂ ಈಗಲೇ ನಕ್ಕುಬಿಡಲಿ. ಗೋಕುಲ ರಸ್ತೆಯ ಕಡೆ ನನ್ನದೊಂದು ತಗಡಿನ ಕೆಲಸದ ಶೆಡ್ಡಿದೆ. ಅಪ್ಪ ಅಲ್ಲಿ ಕಾಳು ತುಂಬುವ ಡಬ್ಬಿ, ಟ್ರಂಕು ಮಾಡುತ್ತಿದ್ದರು. ನಾನು ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರುಗಳಿಗೆ ಹಿಂದಿನ ರೆಕ್ಕೆ ಮಾಡುತ್ತೇನೆ. ವಿಮಾನದ ರೆಕ್ಕೆಯನ್ನು ಬೋರಲು ಹಾಕಿದರೆ ಹೇಗೋ ಹಾಗೆ. ಅದು ಮೇಲಕ್ಕೆತ್ತುತ್ತದೆ, ಇದು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ನನ್ನದು ಸುಮ್ಮನೆ ನಿಂತಿರುವ ರೆಕ್ಕೆಯೂ ಅಲ್ಲ. ಕಾರು ನಿಧಾನ ಹೋಗುವಾಗ ಡಿಕ್ಕಿಯ ಮೇಲೆ ಮಲಗಿರುತ್ತದೆ, ವೇಗ ನೂರು ದಾಟಿದರೆ ತಾನಾಗಿ ಒಂದು ಗೇಣು ಏಳುತ್ತದೆ, ಬ್ರೇಕ್ ಒತ್ತಿದರೆ ನೆಟ್ಟಗೆ ನಿಂತು ಗಾಳಿಗೆ ಎದೆಯೊಡ್ಡುತ್ತದೆ. ಇಂಥದ್ದೆಲ್ಲ ವಿದೇಶದಿಂದಲೇ ಬರಬೇಕು ಎಂದು ನಂಬಿದವರು ಬಹಳ ಜನ. ನಾನು ನಂಬುವುದಿಲ್ಲ.

ಮೂರು ವರ್ಷದಲ್ಲಿ ಮಾಡಿ ಕೆಡಿಸಿದ ರೆಕ್ಕೆಗಳು ಶೆಡ್ಡಿನ ಮೂಲೆಯಲ್ಲಿ ಒಟ್ಟಿಕೊಂಡಿವೆ. ಗಿರಾಕಿಯೊಬ್ಬ ಹೂಂ ಅಂದದ್ದು ಇದೇ ಮೊದಲು, ಅದೂ ಅರೆಮನಸ್ಸಿನಿಂದ. ಕಂಪ್ಲಿಯ ಅಕ್ಕಿ ಗಿರಣಿಯ ಮನೆತನದ ವೀರೇಶ ಎಂಬ ಹುಡುಗ, ಅದಿರು ಸಾಗಿಸುವ ಲಾರಿಗಳಿಂದ ಕೈಗೆ ನಾಲ್ಕು ಕಾಸು ಬಂದಮೇಲೆ ಎರಡೇ ಬಾಗಿಲಿನ ಹಳದಿ ಕಾರು ಕೊಂಡಿದ್ದ. ಬರುವ ಭಾನುವಾರ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಅದನ್ನು ಓಡಿಸುವವನಿದ್ದ. ಬೆಂಗಳೂರಿನ ಏಜೆಂಟನೊಬ್ಬ ವಿದೇಶಿ ರೆಕ್ಕೆ ತರುತ್ತಿದ್ದ. ಮೊದಲು ನನ್ನದನ್ನು ಸಂಡೂರಿನ ಹೊಸ ರಸ್ತೆಯಲ್ಲಿ ಓಡಿಸಿ ನೋಡುವುದು, ಅದು ಏಳದಿದ್ದರೆ ಬಿಚ್ಚಿ ಅವನದನ್ನು ಕೂರಿಸುವುದು ಎಂದು ಮಾತಾಗಿತ್ತು. ಅಪ್ಪನ ಕಾಲದಿಂದ ನಮ್ಮಲ್ಲಿ ತಗಡು ಬಡಿಯುವ ಇಮಾಮಸಾಬರು ಪೆಟ್ಟಿಗೆಗೆ ಕೊನೆಯ ಮೊಳೆ ಹೊಡೆದು, "ಅಕ್ಕಾರ, ಪೆಟಗಿ ಖಾಲಿ ತರ್ರಿ" ಅಂದರು. ಅಷ್ಟು ಹೇಳಿ ಸುತ್ತಿಗೆ ಒಳಗಿಟ್ಟರು.

ಗದಗಿನಲ್ಲಿ ಚಹಾ, ಕೊಪ್ಪಳದಲ್ಲಿ ಹತ್ತು ನಿಮಿಷ ನಿಲುಗಡೆ. ಹೊಸಪೇಟೆಗೆ ಹನ್ನೊಂದೂವರೆಯಾಯಿತು, ನಾಲ್ಕು ತಾಸಿನ ದಾರಿಗೆ ಐದೂವರೆ ತಾಸು. ದಾರಿಯ ತಪ್ಪಲ್ಲ, ದಾರಿ ತುಂಬ ನಿಂತ ಅದಿರಿನ ಲಾರಿಗಳದು. ಊರು ಹತ್ತಿರವಾದಂತೆ ಬೇವಿನ ಮರ, ಅಂಗಡಿಯ ಬೋರ್ಡು, ರಸ್ತೆ ಬದಿಯ ಎಮ್ಮೆ ಎಲ್ಲ ಒಂದೇ ಕೆಂಪು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ಭಜಿ ತಿಂದೆ. ಮಿರ್ಚಿ ಬಿಸಿಯಿತ್ತು, ಮಾಲೀಕನ ನಾಲಿಗೆ ಇನ್ನೂ ಬಿಸಿ. ಪೆಟ್ಟಿಗೆ ನೋಡಿ, ಯಜಮಾನರು ಬರಲಿಲ್ಲವೇ ಎಂದು ಕೇಳಿದ. ಇದರ ಯಜಮಾನಿ ನಾನೇ ಎಂದೆ. ಮತ್ತೆ ಚಟ್ನಿ ಕೇಳಿದರೂ ಕೊಡಲಿಲ್ಲ.

ವೀರೇಶ ಕಳಿಸಿದ ಜೀಪು ಕಮಲಾಪುರದ ಮೇಲೆ ಕಂಪ್ಲಿಗೆ ಹೊರಟಿತು. ಮೂವತ್ತು ಕಿಲೋಮೀಟರು. ಕಬ್ಬು, ಬಾಳೆ, ಗದ್ದೆ ಕಂಡಮೇಲೆ ಕಣ್ಣಿಗೆ ಸ್ವಲ್ಪ ಹಸಿರು ಸಿಕ್ಕಿತು. ಗಿರಣಿಯ ಬಾಗಿಲಲ್ಲಿ ವೀರೇಶನ ತಾಯಿ ಗೌರಮ್ಮನವರು ಇದ್ದರು; ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಗಿರಣಿ ನಡೆಸುವವರು ಅವರೇ ಎಂದು ಐದು ನಿಮಿಷದಲ್ಲಿ ಗೊತ್ತಾಯಿತು. ಪೆಟ್ಟಿಗೆ ಬಿಚ್ಚಿಸಿ, ರೆಕ್ಕೆಯ ಮೇಲೆ ಕೈಯಾಡಿಸಿ ಕೇಳಿದರು:

"ಇದೇನು ಹಾರಾಕೇನವಾ?"

"ಹಾರದಂಗ ಇರಾಕ್ರೀ ಅಮ್ಮಾರ. ನಿಮ್ಮ ಮಗಂದು ಗಾಲಿ ನೆಲ ಬಿಡಬಾರದು, ಅದಕ್ಕ."

ಅವರು ರೆಕ್ಕೆಯ ಅಂಚು ಹಿಡಿದು ಅಲುಗಿಸಿ ನೋಡಿದರು. ಮಗ ಕಾರು ತಂದ ದಿನದಿಂದ ತನಗೆ ಸರಿಯಾಗಿ ಊಟ ಸೇರುವುದಿಲ್ಲ ಎಂದು ಊಟಕ್ಕೆ ಬಡಿಸುವಾಗ ಹೇಳಿದರು. ಆ ರಾತ್ರಿ ನನ್ನ ತಟ್ಟೆಗೆ ಮೂರು ಸಲ ಅನ್ನ ಬಿತ್ತು, ಬೇಡ ಎಂದರೆ ಕೇಳುವ ಹೆಂಗಸಲ್ಲ.

ಎರಡನೆಯ ದಿನವೆಲ್ಲ ಕೆಲಸ. ಗಿರಣಿಯ ಶೆಡ್ಡಿನಲ್ಲಿ ಹೊಟ್ಟಿನ ಧೂಳಿನ ನಡುವೆ ರೆಕ್ಕೆ ಕೂರಿಸಿ, ಅದನ್ನು ಎತ್ತುವ ಎರಡು ಸಣ್ಣ ಮೋಟಾರು ಜೋಡಿಸಿದೆ. ಕಾರಿನ ಮೂತಿಗೆ ಪೆನ್ಸಿಲ್ ದಪ್ಪದ ಒಂದು ಸ್ಟೀಲಿನ ನಳಿಕೆ. ಓಡುವಾಗ ಎದುರಿನ ಗಾಳಿ ಅದರೊಳಗೆ ನುಗ್ಗಿ ಒಂದು ಸ್ವಿಚ್ಚನ್ನು ಒತ್ತುತ್ತದೆ, ಆಗ ರೆಕ್ಕೆ ಏಳುತ್ತದೆ; ಆ ಸ್ವಿಚ್ಚು ಒತ್ತದಿದ್ದರೆ ಬ್ರೇಕಿಗೂ ಏಳುವುದಿಲ್ಲ. ತೋರಿಸಲೆಂದು ನಳಿಕೆಗೆ ಬಾಯಿಟ್ಟು ಜೋರಾಗಿ ಊದಿದೆ. ಹಿಂದೆ ರೆಕ್ಕೆ ಎದ್ದಿತು. ಗೌರಮ್ಮನವರು ಗಿರಣಿಯ ಆಳುಗಳನ್ನೆಲ್ಲ ಕರೆಸಿ ನನ್ನಿಂದ ನಾಲ್ಕು ಸಲ ಊದಿಸಿದರು. ವೀರೇಶ, ಪೇಟೆಯಲ್ಲಿ ಹೋಗುವಾಗಲೂ ರೆಕ್ಕೆ ಎದ್ದೇ ಇರುವಂತೆ ಒಂದು ಗುಂಡಿ ಹಾಕಿಕೊಡಿ ಎಂದ. ಆಗುವುದಿಲ್ಲ ಎಂದೆ. ದುಡ್ಡು ಕೊಡುವವನು ತಾನಲ್ಲವೇ ಎಂದ. ಪೇಟೆಯಲ್ಲಿ ಮೆರೆಯಲು ಬೇಕಾದರೆ ಹೂವಿನ ಹಾರ ಕಟ್ಟಿಸಿಕೊ, ರೆಕ್ಕೆ ಕೆಲಸವಿದ್ದಾಗ ಮಾತ್ರ ಏಳುತ್ತದೆ ಎಂದೆ. ಅವನ ಮುಖ ಸಣ್ಣದಾಯಿತು. ತಾಯಿ ಸೆರಗು ಬಾಯಿಗಿಟ್ಟು ನಕ್ಕರು.

ಮೂರನೆಯ ದಿನ ನಸುಕಿನಲ್ಲೇ ಪೂಜೆ. ಈ ಗಿರಣಿಯಲ್ಲಿ ಹೊಸ ಯಂತ್ರ ಯಾವುದು ಬಂದರೂ ಅದು ಭತ್ತ ತಿನ್ನುವ ಬಾಯಿಗೆ ಮೊದಲು ವಿಭೂತಿ ಹಚ್ಚುವುದು ಪದ್ಧತಿ, ಆಮೇಲೆ ಉಳಿದ ಮೈಗೆ. ಅದೇ ಪ್ರಕಾರ ಗೌರಮ್ಮನವರು ನೆನೆಸಿದ ವಿಭೂತಿಯನ್ನು ಕಾರಿಗೆ, ರೆಕ್ಕೆಗೆ ಹಚ್ಚಿ ಕುಂಕುಮವಿಟ್ಟರು. ನಾನೂ ಕೈಮುಗಿದೆ, ಕಾಯಿಯ ಚೂರು ತಿಂದೆ. ಹೊರಡುವ ಗಡಿಬಿಡಿಯಲ್ಲಿ ನಳಿಕೆಯ ಮೂತಿ ಬೆಳ್ಳಗಿದ್ದದ್ದು ಕಂಡು ಅಲ್ಲೇ ಹೆಬ್ಬೆರಳಿಂದ ಒರೆಸಿ, ಬಟ್ಟೆಯಿಂದ ಥಳಥಳ ಮಾಡಿದೆ. ಅಷ್ಟಕ್ಕೆ ಕೆಲಸ ಮುಗಿಯಿತು ಎಂದುಕೊಂಡೆ.

ಇನ್ನೂರು ಕಿಲೋಮೀಟರ್ ವೇಗದ ಕಾರು ಸಂಡೂರಿಗೆ ಹೋದದ್ದು ಅಕ್ಕಿ ಲಾರಿಯ ಮೇಲೆ. ಅದಿರಿನ ಲಾರಿಗಳು ತುಳಿದ ರಸ್ತೆಯ ಗುಂಡಿಯಲ್ಲಿ ಇಳಿದರೆ ಅದು ಮೇಲೆ ಬರುವಂತಿರಲಿಲ್ಲ. ಮೂಟೆ ಹೇರುವ ಕಟ್ಟೆಯಿಂದ ನೇರ ಲಾರಿಗೆ ಓಡಿಸಿ ಹಗ್ಗ ಬಿಗಿದರು. ಮಗ ಓಡಿಸುವುದನ್ನು ತಾನೂ ನೋಡಬೇಕು ಎಂದು ಗೌರಮ್ಮನವರು, ನನ್ನ ಖಾಲಿ ಪೆಟ್ಟಿಗೆಯಿದ್ದ ಜೀಪು ಹತ್ತಿದರು. ದಾರಿಯಲ್ಲಿ ಹಂಪಿಗೆ ಹೋಗಿ ಅವರು ವಿರೂಪಾಕ್ಷನಿಗೆ ಕಾಯಿ ಒಡೆಸಿ ಬರುವಷ್ಟರಲ್ಲಿ ಪ್ರವಾಸಿಗರು ದೇವಸ್ಥಾನ ಬಿಟ್ಟು ಅಕ್ಕಿ ಲಾರಿಯ ಮೇಲಿನ ಹಳದಿ ಕಾರಿನ ಫೋಟೋ ತೆಗೆಯುತ್ತಿದ್ದರು. ಒಬ್ಬ ಗೈಡು, ಇಲ್ಲಿ ಮುತ್ತು ರತ್ನವನ್ನು ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರು ಎಂದು ಹೇಳುತ್ತಿದ್ದ. ಈಗಲೂ ಬೆಟ್ಟಗಳನ್ನು ಬೀದಿಯಲ್ಲೇ ರಾಶಿ ಹಾಕಿ ಮಾರುತ್ತಿದ್ದಾರಲ್ಲ, ಅದನ್ನೂ ಹೇಳಪ್ಪ ಎಂದೆ. ಅವನಿಗೆ ರುಚಿಸಲಿಲ್ಲ.

ಹೊಸಪೇಟೆಯಿಂದ ಸಂಡೂರಿಗೆ ಮೂವತ್ತು ಕಿಲೋಮೀಟರು, ಮೂರು ತಾಸು. ಸುತ್ತ ಬೆಟ್ಟಗಳಿದ್ದ ಊರು ಬಹಳ ಚೆಂದ, ಬೆಟ್ಟಗಳ ಹೊಟ್ಟೆ ಬಗೆದದ್ದು ಕಾಣುವವರೆಗೆ. ಊರು ದಾಟಿ ಯಶವಂತನಗರದ ಕಡೆ ಹೊಸದಾಗಿ ಹಾಕಿದ್ದ, ಇನ್ನೂ ಲಾರಿಗಳಿಗೆ ಬಿಟ್ಟಿರದ ಎರಡು ಕಿಲೋಮೀಟರ್ ಕಾಂಕ್ರೀಟ್ ರಸ್ತೆಯಲ್ಲಿ ಓಡಿಸಲು ವೀರೇಶ ಅನುಮತಿ ಪಡೆದಿದ್ದ. ಏಜೆಂಟ್ ಕಿರಣ್ ಅಲ್ಲಿ ಆಗಲೇ ಕಾಯುತ್ತಿದ್ದ. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಅವನ ಕಾರಿನ ಸೀಟಿನ ಮೇಲೆ ವಿದೇಶಿ ರೆಕ್ಕೆಯ ಉದ್ದನೆಯ ಪೊಟ್ಟಣ.

ವೀರೇಶ ಕಾರು ಬಿಟ್ಟ. ನನ್ನೆದುರಿಗೆ ಹಾದುಹೋದಾಗ ವೇಗ ನೂರಾ ನಲವತ್ತು. ರೆಕ್ಕೆ ಮಲಗಿಯೇ ಇತ್ತು. ಬ್ರೇಕ್ ಒತ್ತಿದ, ಆಗಲೂ ಮಲಗಿತ್ತು. ಇನ್ನೊಮ್ಮೆ ಓಡಿಸಿದ, ಮತ್ತೊಮ್ಮೆ ಓಡಿಸಿದ. ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದು ಎಲ್ಲರ ಮುಂದೆ ಸತ್ತ ಹಾಗೆ ಬಿದ್ದಿತ್ತು.

"ಬೇಜಾರ್ ಮಾಡ್ಕೋಬೇಡಿ ಮೇಡಂ," ಎಂದ ಕಿರಣ್, "ಈ ಧೂಳಿಗೆ ಲೋಕಲ್ ಮಾಲ್ ನಿಲ್ಲಲ್ಲ." ಹೇಳುತ್ತಲೇ ಸ್ಪ್ಯಾನರ್ ತೆಗೆದ.

"ಅದಕ್ಕ ಸ್ಪ್ಯಾನರ್ ಹಚ್ಚಾಕಿ ನಾ ಒಬ್ಬಾಕಿನ," ಎಂದೆ. "ಯಾಕ ಏಳಲಿಲ್ಲ ಅನ್ನೋದು ತಿಳಿಯೋತನಕ ಇದನ್ನ ಯಾರೂ ಬಿಚ್ಚಂಗಿಲ್ಲ."

ವೀರೇಶ ಗಡಿಯಾರ ನೋಡಿ ಒಂದು ತಾಸು ಕೊಟ್ಟ. ಕಾಂಕ್ರೀಟಿನ ಮೇಲೆ ಬೋರಲು ಬಿದ್ದು ಮೋಟಾರು ಬಿಚ್ಚಿದೆ. ಧೂಳಿರಲಿಲ್ಲ. ಬ್ಯಾಟರಿಯಿಂದ ನೇರ ತಂತಿ ಕೊಟ್ಟಾಗ ರೆಕ್ಕೆ ಗಕ್ಕನೆ ಎದ್ದಿತು. ಫ್ಯೂಜು ಸರಿಯಿತ್ತು, ತಂತಿ ಸರಿಯಿತ್ತು. ಧೂಳು ಎಂದು ಕಿರಣ್ ಹೇಳಿದ್ದಕ್ಕೆ ನಾನು ಧೂಳನ್ನೇ ಹುಡುಕುತ್ತ ಮುಕ್ಕಾಲು ತಾಸು ಕಳೆದೆ. ಥಳಥಳ ಹೊಳೆಯುತ್ತಿದ್ದ ನಳಿಕೆಯ ಮೇಲೆ ಅನುಮಾನವೇ ಬರಲಿಲ್ಲ. ಕೊನೆಗೆ ಬೇರೇನೂ ಉಳಿಯದೆ ಅದಕ್ಕೆ ಬಾಯಿಟ್ಟು ಊದಿದೆ. ಕೆನ್ನೆ ಉಬ್ಬಿತು, ಗಾಳಿ ಒಳಗೆ ಹೋಗಲಿಲ್ಲ. ಗೌರಮ್ಮನವರ ಬಳೆಗೆ ಸಿಕ್ಕಿಸಿದ್ದ ಪಿನ್ನು ಇಸಿದುಕೊಂಡು ಕೆದಕಿದಾಗ ಒಣಗಿ ಕಲ್ಲಾಗಿದ್ದ ಬಿಳಿಯ ಪುಡಿ ಉದುರಿತು.

ವಾಸನೆ ನೋಡುವ ಅಗತ್ಯವೂ ಇರಲಿಲ್ಲ. ವಿಭೂತಿ ಎಂದು ಎಲ್ಲರಿಗೂ ತಿಳಿಯಿತು.

"ನಾ ಹಚ್ಚಿದ್ದನವಾ?" ಎಂದರು ಗೌರಮ್ಮ. ಮಗನ ಮುಂದೆ, ಪರವೂರಿನವನ ಮುಂದೆ ಅವರ ಮುಖ ಬಿಳಿಚಿತು. "ನೀ ಊದೂದು ನೋಡಿ, ಇದರ ಬಾಯಿ ಇದ ಅಂತ..."

ತಪ್ಪನ್ನು ಅವರ ತಲೆಗೆ ಕಟ್ಟಿದ್ದರೆ ನನ್ನ ರೆಕ್ಕೆ ಸಲೀಸಾಗಿ ಪಾರಾಗುತ್ತಿತ್ತು. ಹಾಗೆ ಗೆದ್ದ ರೆಕ್ಕೆ ನನಗೆ ಬೇಕಿರಲಿಲ್ಲ.

"ಹಚ್ಚಿದ್ದು ನೀವು, ಒಳಗ ತುರುಕಿದ್ದು ನಾನ್ರೀ ಅಮ್ಮಾರ. ಒರಸೂ ಮುಂದ ಹೆಬ್ಬಟ್ಟಿಲೆ ಒತ್ತಿಬಿಟ್ಟೆ. ಊದಿ ನೋಡದ ಲಾರಿ ಹತ್ತಿಸಿದೆ. ತಪ್ಪು ನಂದು."

ಇದಕ್ಕೇ ಹೇಳಿದ್ದು, ಫಾರಿನ್ ಮಾಲಿನಲ್ಲಿ ಇಂಥ ತೊಂದರೆ ಇರುವುದಿಲ್ಲ ಎಂದು ಕಿರಣ್ ನಗುತ್ತ ವೀರೇಶನ ಕಡೆ ತಿರುಗಿದ. ಗೌರಮ್ಮ ಅವನ ಪೊಟ್ಟಣ ಬಿಚ್ಚಿಸಿದರು. ಒಳಗೆ ರೆಕ್ಕೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಅಂಥದ್ದೇ ಒಂದು ನಳಿಕೆಯಿತ್ತು.

"ಇದಕ್ಕೂ ಬಾಯಿ ಐತಲ್ಲಪಾ," ಎಂದರು. "ಇದು ಮೊದ್ಲು ಬಂದಿದ್ರ ಇದಕ್ಕೂ ಹಚ್ತಿದ್ದೆ. ಫಾರಿನ್ನಂತ ಬಿಡ್ತಿದ್ದಿಲ್ಲ."

ಕಿರಣ್ ಕನ್ನಡಕ ತೆಗೆದು ಒರೆಸಿಕೊಂಡ. ನಾನು ಪಿನ್ನಿನಿಂದ ಕೊನೆಯ ಚೂರನ್ನೂ ತೆಗೆದು ಊದಿದೆ. ರೆಕ್ಕೆ ಎದ್ದಿತು. ಊದಿದರೆ ಸಾಲದು, ಓಡಬೇಕು ಎಂದು ವೀರೇಶ ಒಳಗೆ ಕೂತ. ಅಷ್ಟರಲ್ಲಿ ಗೌರಮ್ಮನವರು ಸೀರೆ ಎತ್ತಿ ಕಟ್ಟಿ ಪಕ್ಕದ ಸೀಟಿನ ಬಾಗಿಲು ತೆಗೆದು ಕೂತಿದ್ದರು. ಬೇಡ ಎಂದು ಮಗ ಎಷ್ಟು ಹೇಳಿದರೂ ಇಳಿಯಲಿಲ್ಲ. ನೀನು ಕೂರುವ ಕಡೆ ನಾನು ಒಮ್ಮೆ ಕೂತರೆ ತಪ್ಪೇನು ಎಂದರು. ಬೆಲ್ಟಿನ ಪಟ್ಟಿಗಳನ್ನು ನಾನೇ ಬಿಗಿದೆ.

ರಸ್ತೆಯ ನಡುವೆ ಗುರುತಿಗೆ ಇಟ್ಟ ಎರಡು ಕಲ್ಲಿನ ಹತ್ತಿರ ನಿಂತೆ. ದೂರದಲ್ಲಿ ಸದ್ದೆದ್ದಿತು. ಹಳದಿ ಚುಕ್ಕೆ ದೊಡ್ಡದಾಗುತ್ತ ಬಂತು. ಬರುತ್ತಿರುವಾಗಲೇ ಅದರ ಬೆನ್ನ ಮೇಲೆ ಸಣ್ಣ ಗೆರೆಯೊಂದು ಎದ್ದು ನಿಂತಿತು. ನನ್ನನ್ನು ದಾಟುವಾಗ ಗೌರಮ್ಮ ಮುಂದೆ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ರೆಕ್ಕೆಯನ್ನು ನೋಡುತ್ತಿದ್ದರು. ಕಲ್ಲು ದಾಟಿದೊಡನೆ ಬ್ರೇಕ್, ರೆಕ್ಕೆ ಚಟ್ಟನೆ ನೆಟ್ಟಗಾಯಿತು, ಕಾರು ಅತ್ತಿತ್ತ ಅಲುಗದೆ ನಿಂತಿತು. ನಾನು ಅಲ್ಲೇ ಕಾಂಕ್ರೀಟಿನ ಮೇಲೆ ಕುಳಿತುಬಿಟ್ಟೆ. ಅಳು ಬಂತು, ಅತ್ತೆ. ಯಾರು ನೋಡಿದರೂ ನೋಡಲಿ ಎಂದು ಅತ್ತೆ.

ಇಳಿದು ಬಂದ ಗೌರಮ್ಮನವರಿಗೆ ಸೆರಗು ಎಲ್ಲಿದೆ ಎಂಬ ಎಚ್ಚರವಿರಲಿಲ್ಲ. "ಬೆನ್ನಿಗೆ ಯಾರೋ ಕೈಯಿಟ್ಟು ಒತ್ತಿ ಹಿಡದಂಗಾತವಾ," ಎಂದರು. "ಇವನ ಹಿಂದ ಹಂಗ ಒಂದು ಕೈ ಇದ್ರ ಸಾಕು." ಆಮೇಲೆ ಮಗನ ಕಡೆ ತಿರುಗಿ, ಚೆನ್ನೈಗೆ ಇದೇ ಹೋಗಬೇಕು ಎಂದರು. ವೀರೇಶ ಮೊದಲೇ ತಲೆಯಾಡಿಸಿ ಆಗಿತ್ತು. ಕಿರಣ್ ಪೊಟ್ಟಣಕ್ಕೆ ಮತ್ತೆ ಟೇಪು ಸುತ್ತಿದ. ಹೊರಡುವ ಮುಂಚೆ ಗೌರಮ್ಮ ಸಂಚಿಯಿಂದ ವಿಭೂತಿ ತೆಗೆದರು. ನಳಿಕೆಯ ಬಾಯಿಗೆ ಎಡಗೈ ಬೆರಳು ಅಡ್ಡ ಹಿಡಿದು, ಅದರ ಸುತ್ತ ಮಾತ್ರ ಹಚ್ಚಿದರು. ಊದಿ ನೋಡು ಎಂದರು. ಊದಿದೆ, ಎದ್ದಿತು.

ಹೊಸಪೇಟೆಯಿಂದ ಸಂಜೆ ಐದರ ಬಸ್ಸು ಸಿಕ್ಕಿತು. ಊರು ಬಿಡುವಾಗ ಕಿಟಕಿಯಿಂದ ಹಿಂದೆ ನೋಡಿದೆ. ಸಂಡೂರಿನ ದಿಕ್ಕಿನ ಬೆಟ್ಟಗಳು ಧೂಳಿನಲ್ಲಿ ಮುಚ್ಚಿಕೊಂಡಿದ್ದವು, ಲಾರಿಗಳ ಸಾಲು ಬೆಳಿಗ್ಗೆ ಇದ್ದ ಹಾಗೇ ಇತ್ತು. ಕಂಡಕ್ಟರ್ ಬೇರೆಯವನು, ಆದರೆ ಪೆಟ್ಟಿಗೆ ಕಂಡೊಡನೆ ಲಗೇಜು ಚೀಟಿ ಎಂದ. ಜಗಳವಾಡದೆ ದುಡ್ಡು ಕೊಟ್ಟೆ. ಅನುಮಾನ ಬಂದು ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿ ನೋಡಿದ. ಹಗುರವಾಗಿ ಜಾರಿತು.

"ಏನೈತ್ರೀ ಒಳಗ?"

"ಏನಿಲ್ಲ."

"ಏನಿಲ್ಲಂದ್ರ ರೊಕ್ಕ ಕೊಟ್ಟು ಯಾಕ ಒಯ್ಯಾಕತ್ತೀರಿ?"

"ಇಮಾಮಸಾಬರಿಗೆ ತೋರಸಾಕ," ಎಂದೆ.