ವಾರ್ಸಿತೊನ ಎಡಗಡೆ

ವೊನೊಗಿರಿಯ ಬಸ್ ನಿಲ್ದಾಣದಲ್ಲಿ ಚಹದಂಗಡಿ ಇಟ್ಟವಳು ಯಾರನ್ನೂ ನಂಬಬಾರದು. ಸೋಯಾ ಕಾಳು ಹುದುಗಿಸಿ ಮಾಡುವ ತೆಂಪೆ ಮಾರುವವನು ನಿನ್ನೆಯದನ್ನೇ ಇವತ್ತಿನದು ಅಂತ ತಲೆಗೆ ಕಟ್ಟುತ್ತಾನೆ. ಟಿಕೆಟ್ ದಲ್ಲಾಳಿ ತುಂಬಿ ತುಳುಕುವ ಬಸ್ಸಿನಲ್ಲೂ ಕಿಟಕಿ ಸೀಟು ಇದೆ ಅನ್ನುತ್ತಾನೆ. ಗಿರಾಕಿ ಹಾರನ್ ಕೇಳಿದ್ದೇ ತಡ, ಲೋಟ ಇಟ್ಟು ಕಂಬಿ ಕೀಳುತ್ತಾನೆ. ನನ್ನ ಗಂಡ ಬದುಕಿದ್ದಾಗ ಅವನನ್ನೂ ನಾನು ಪೂರ್ತಿ ನಂಬಿರಲಿಲ್ಲ, ಅದಕ್ಕೆ ಕಾರಣವೂ ಇತ್ತು ಬಿಡಿ. ನಂಬಿದ್ದು ಒಬ್ಬನನ್ನೇ, ಜಕಾರ್ತಾ ಬಸ್ಸಿನ ಡ್ರೈವರ್ ವಾರ್ಸಿತೊನನ್ನು.

ತೇಗದ ದಿಮ್ಮಿ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿ ಶುರುಮಾಡಿದ ಮನುಷ್ಯ ಅವನು. ಬಸ್ಸಿಗೆ ಬಂದ ಮೇಲೂ ಬೆನ್ನ ಹಿಂದೆ ದಿಮ್ಮಿಗಳೇ ಇವೆ ಅನ್ನುವ ಹಾಗೆ, ತಿರುವು ಬರುವ ಎಷ್ಟೋ ಮೊದಲೇ ವೇಗ ಇಳಿಸುತ್ತಿದ್ದ. ಕಾಂಗ್ ವಾರ್ಸಿತೊನ ಬಸ್ಸು ಹತ್ತಿದರೆ ಒಳಗೇ ಮದುವೆಯಾಗಿ ಮಗು ಎತ್ತಿಕೊಂಡು ಇಳಿಯಬಹುದು ಅಂತ ಬೇರೆ ಡ್ರೈವರುಗಳು ಅವನನ್ನು ಕಾಂಗ್, ಅಂದರೆ ಅಣ್ಣ, ಅನ್ನುತ್ತಲೇ ಗೇಲಿ ಮಾಡುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ನನ್ನ ಅಂಗಡಿಯ ಎರಡು ಲೋಟ ಸಿಹಿ ಚಹ ಕುಡಿದು, ಬಿಸ್ಮಿಲ್ಲಾ ಅಂತ ಸ್ಟೀರಿಂಗ್ ಮುಟ್ಟಿಯೇ ಹೊರಡುವುದು. ನನ್ನ ಮಗಳು ತ್ರಿಯಾನಿ ಜಕಾರ್ತಾದ ಹೊಲಿಗೆ ಫ್ಯಾಕ್ಟರಿಗೆ ಸೇರಿದ ಮೇಲೆ ಹೋಗುವುದಾದರೂ ಬರುವುದಾದರೂ ವಾರ್ಸಿತೊನ ಬಸ್ಸೇ ಆಗಬೇಕು ಅಂತ ನಾನು ಹಟ ಹಿಡಿದಿದ್ದೆ. ಬೇರೆ ಬಸ್ಸು ಹತ್ತಿದರೆ ನನ್ನ ಹೊಸಿಲು ತುಳಿಯಬೇಡ ಅಂದಿದ್ದೆ.

ಅಂಥವನು ಈ ಎರಡು ವರ್ಷದಲ್ಲಿ ಬದಲಾದ. ಪಕ್ಕದಲ್ಲೇ ನಿಂತು ಲೋಟ ಚಾಚಿದರೆ ಒಮ್ಮೆ ಕೈ ನೀಡುತ್ತಿದ್ದ, ಇನ್ನೊಮ್ಮೆ ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಕೂತಿರುತ್ತಿದ್ದ. ಮುಂದಿಟ್ಟ ಲೋಟಕ್ಕೆ ಮೊಣಕೈ ತಾಗಿಸಿ ಚೆಲ್ಲುತ್ತಿದ್ದ. ಮೊದಲು ನನಗೆ ಬಂದ ಅನುಮಾನ ಹೆಣ್ಣಿನದು. ಜಕಾರ್ತಾದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ, ತಲೆ ಅಲ್ಲಿ ಬಿಟ್ಟು ಮೈ ಮಾತ್ರ ಇಲ್ಲಿಗೆ ತರುತ್ತಾನೆ ಅಂದುಕೊಂಡೆ. ಆಮೇಲೆ ಅನುಮಾನ ಕಂಡಕ್ಟರ್ ಗಿಯೋನೊನ ಮೇಲೆ ತಿರುಗಿತು.

ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು 'ಎಡಗಡೆ ಖಾಲಿ', 'ಎಡಗಡೆ ಬೈಕು' ಅಂತ ಕೂಗುವುದು ನಮ್ಮಲ್ಲಿ ಎಲ್ಲ ಕಂಡಕ್ಟರುಗಳ ಕೆಲಸ. ಗದ್ದಲ ಇದ್ದರೆ ಬಾಗಿಲ ತಗಡಿಗೆ ಎರಡು ಏಟು ಹೊಡೆಯುತ್ತಾರೆ, ಎಡಕ್ಕೆ ಏನೋ ಬಂತು ಅಂತ ಡ್ರೈವರಿಗೆ ತಿಳಿಯುತ್ತದೆ. ಅದು ಸರಿ. ಆದರೆ ಈ ಗಿಯೋನೊ ಬಸ್ಸು ಇಳಿದ ಮೇಲೂ ವಾರ್ಸಿತೊನ ಎಡಕ್ಕೇ ಅಂಟಿಕೊಂಡಿರುತ್ತಿದ್ದ. ಕಕ್ಕಸಿಗೆ ಹೋದರೂ ಎಡಕ್ಕೆ, ನಮಾಜಿಗೆ ನಿಂತರೂ ಎಡಕ್ಕೆ. ಕಣ್ಣು ನೋಡಿದರೆ ಕೆಂಡದ ಹಾಗೆ ಕೆಂಪು. ಮಾತ್ರೆ ನುಂಗುತ್ತಾನೆ, ವಾರ್ಸಿತೊನಿಗೂ ನುಂಗಿಸುತ್ತಾನೆ, ಅವನನ್ನು ಮೂಲೆಗೆ ಕೂರಿಸಿ ತಾನು ಸ್ಟೀರಿಂಗ್ ಹಿಡಿಯುವ ಲೆಕ್ಕಾಚಾರ ಇದು ಅಂತ ನನಗೆ ಖಾತ್ರಿಯಾಯಿತು. ಒಂದು ದಿನ ಕೇಳಿಯೇಬಿಟ್ಟೆ.

"ಆ ಮನುಷ್ಯಂಗೆ ಏನ್ ಕುಡಿಸ್ತಾ ಇದೀಯೋ?"

"ಚಹ, ಯು ಕಸಿನೆಮ್. ನಿಮ್ಮದೇ," ಅಂದ.

ಯು ಅಂದರೆ ಅಕ್ಕ, ಆ ಮರ್ಯಾದೆಗೇನೂ ಕಡಿಮೆಯಿಲ್ಲ, ಆದರೆ ಮಾತು ಮುಗಿಯುವ ಮುಂಚೆಯೇ ಎದ್ದು ಹೋದ.

ಉಪವಾಸದ ತಿಂಗಳು ಮುಗಿದು ಬರುವ ಲೆಬಾರಾನ್ ಹಬ್ಬಕ್ಕೆ ಊರಿಗೆ ಬಂದವರೆಲ್ಲ ಜಕಾರ್ತಾಕ್ಕೆ ವಾಪಸಾಗುವ ವಾರ, ಡ್ರೈವರುಗಳ ಆರೋಗ್ಯ ತಪಾಸಣೆಗೆ ನನ್ನ ಅಂಗಡಿಯ ಎದುರಿಗೇ ಡೇರೆ ಹಾಕುತ್ತಾರೆ. ಡಾಕ್ಟರ ಸಹಿ ಇಲ್ಲದೆ ಬಸ್ಸು ಕದಲುವಂತಿಲ್ಲ. ಆ ವಾರ ನನ್ನಲ್ಲಿ ಚಹಕ್ಕಿಂತ ಸೌತೆಕಾಯಿ ಹೆಚ್ಚು ಖರ್ಚಾಗುತ್ತದೆ. ತಿಂದರೆ ಬಿಪಿ ಇಳಿಯುತ್ತದಂತೆ, ಅದಕ್ಕೇ ಡ್ರೈವರುಗಳೆಲ್ಲ ಸಾಲಾಗಿ ಕೂತು ಕರುಕುರು ಅಗಿಯುತ್ತಿರುತ್ತಾರೆ. ಅಂಗಿ ಎತ್ತಿದರೆ ಬೆನ್ನ ತುಂಬ ನಾಣ್ಯದಲ್ಲಿ ಗೀರಿಸಿಕೊಂಡ ಕೆಂಪು ಗೆರೆ. ಮೈಗೆ ಹೊಕ್ಕ ಗಾಳಿ ಹೊರಗೆ ಹೋಗಲಿ ಅಂತ ಹೆಂಡತಿಯರ ಕೈಯಲ್ಲಿ ಗೀರಿಸಿಕೊಂಡು ಬಂದಿರುತ್ತಾರೆ.

ಈ ಸಲ ವಾರ್ಸಿತೊ ಸೌತೆಕಾಯಿ ಮುಟ್ಟಲಿಲ್ಲ. ಬಿಪಿಗೆ ಹೆದರದವನು ಇನ್ಯಾವುದಕ್ಕೋ ಹೆದರಿದ್ದಾನೆ ಅಂತ ನನಗೆ ಅನ್ನಿಸಿತು. ಅಷ್ಟರಲ್ಲಿ ತ್ರಿಯಾನಿ ಮಗುವನ್ನು ಎತ್ತಿಕೊಂಡು ಹೋಗಿ ಅವನ ಬಸ್ಸಿನಲ್ಲಿ ಕೂತಾಗಿತ್ತು. ನಾನು ಒಲೆ ಸಣ್ಣ ಮಾಡಿ ಡೇರೆಯತ್ತಲೇ ಕಣ್ಣು ನೆಟ್ಟೆ.

ಹಪ್ಸಾರಿ ಅಂತ ಹೊಸ ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು. ವಾರ್ಸಿತೊನ ಬಿಪಿ ಸರಿಯಿತ್ತು, ಮೂತ್ರದಲ್ಲೂ ತಪ್ಪಿರಲಿಲ್ಲ. ಮಾತ್ರೆಯ ಅನುಮಾನ ಅಲ್ಲಿಗೆ ಮುಗಿಯಿತು. ನೇತುಹಾಕಿದ ಪಟದ ಅಕ್ಷರಗಳನ್ನು ಎರಡೂ ಕಣ್ಣು ತೆರೆದು ಕೊನೆ ಸಾಲಿನವರೆಗೂ ಓದಿದ. ಬೇರೆ ವರ್ಷವಾದರೆ ಅಷ್ಟಕ್ಕೇ ಸಹಿ ಬೀಳುತ್ತಿತ್ತು. ಈಕೆ ಅವನ ಬಲಗಣ್ಣಿಗೆ ರಟ್ಟಿನ ಚೂರು ಅಡ್ಡ ಹಿಡಿದು, ನೇರಕ್ಕೆ ನೋಡುತ್ತಿರಿ, ಪಕ್ಕದಿಂದ ನನ್ನ ಕೈ ಬಂದದ್ದು ಕಂಡ ಕೂಡಲೆ ಹೇಳಿ ಅಂದಳು. ಅವಳ ಕೈ ಎಡಗಡೆಯಿಂದ ಮೆಲ್ಲಗೆ ಮುಂದೆ ಬಂತು.

"ಎಡಕ್ಕೆ ಬಂತು," ಅಂದ ಗಿಯೋನೊ. ಎಂದಿನಂತೆ ಎಡಕ್ಕೇ ನಿಂತಿದ್ದನಲ್ಲ.

"ಕಂಡಿತು," ಅಂದ ವಾರ್ಸಿತೊ.

ಸಾಲಿನಲ್ಲಿದ್ದವರು ನಕ್ಕರು. ಡಾಕ್ಟರು ನಗಲಿಲ್ಲ. ಬಾಯಿ ಮುಚ್ಚಿಕೊಂಡು ನಿಲ್ಲಬೇಕು ಅಂತ ಗಿಯೋನೊನಿಗೆ ಹೇಳಿ ಇನ್ನೊಮ್ಮೆ ಕೈ ತಂದಳು. ಅವನು ಬಾಯಿ ಮುಚ್ಚಿಕೊಂಡೇ ಇದ್ದ. ಆದರೆ ಪಾಪ, ಕೈ ಕೇಳಬೇಕಲ್ಲ. ಡೇರೆಯ ಕಬ್ಬಿಣದ ಕಂಬಕ್ಕೆ ಢಣ್ ಢಣ್ ಅಂತ ಎರಡು ಏಟು ಬಿತ್ತು.

"ಕಂಡಿತು," ಅಂದ ವಾರ್ಸಿತೊ.

ಈ ಸಲ ಯಾರೂ ನಗಲಿಲ್ಲ. ಗಿಯೋನೊನನ್ನು ನನ್ನ ಅಂಗಡಿಗೆ ಅಟ್ಟಿದರು. ಅವನು ಬೆಂಚಿನ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಡಾಕ್ಟರ ಕೈ ಮತ್ತೆ ಹೊರಟಿತು. ಕಿವಿ ದಾಟಿತು, ಹುಬ್ಬಿನ ಹತ್ತಿರ ಬಂತು, ಕಣ್ಣಿನ ಎದುರಿಗೇ ಬಂದು ನಿಂತಿತು. ವಾರ್ಸಿತೊ ಕಿವಿಗೊಟ್ಟು ಕಾಯುತ್ತಿದ್ದ. ಬೆರಳು ಕೆನ್ನೆಗೆ ತಾಗಿದಾಗ ಬೆಚ್ಚಿಬಿದ್ದ.

ಸಹಿ ಹಾಕುವುದಿಲ್ಲ ಅಂದಳು ಡಾಕ್ಟರು. ಎಡಗಣ್ಣು ಪೂರ್ತಿ ಹೋಗಿದೆ, ಕಣ್ಣೊಳಗೆ ಒತ್ತಡ ಏರುವ ಕಾಯಿಲೆ ಇರಬೇಕು, ಈಗಲೇ ಔಷಧಿ ಹಾಕದಿದ್ದರೆ ಬಲಗಣ್ಣೂ ಉಳಿಯುವುದಿಲ್ಲ ಅಂದಳು. ಕಂಪನಿಯ ಮೇಸ್ತ್ರಿ ಓಡಿಬಂದ. ಈ ಒಂದು ಟ್ರಿಪ್ ಬಿಟ್ಟುಬಿಡಿ, ಬದಲಿ ಡ್ರೈವರ್ ಸಂಜೆಯವರೆಗೂ ಸಿಗುವುದಿಲ್ಲ ಅಂತ ಅಂಗಲಾಚಿದ. ಪ್ರಯಾಣಿಕರೂ ಇಳಿದು ಬಂದು ವಾರ್ಸಿತೊನ ಪರವೇ ಮಾತಾಡಿದರು. ಇಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಕೊಂದವನಲ್ಲ ನಮ್ಮ ಕಾಂಗ್ ಅಂದರು. ನಾನೂ ತಡೆಯಲಾರದೆ ಡೇರೆಗೆ ಹೋದೆ, ಗಿಯೋನೊ ನಿಂತಿದ್ದ ಜಾಗದಲ್ಲೇ ನಿಂತೆ.

"ಎಡಗಡೆಗೆ ಗಿಯೋನೊ ಇದಾನಲ್ಲ ಡಾಕ್ಟ್ರೇ," ಅಂದ ವಾರ್ಸಿತೊ.

"ಅವರು ನಿದ್ದೆ ಹೋದ್ರೆ?"

ಉತ್ತರ ಬಂದದ್ದು ಬೆಂಚಿನ ಕಡೆಯಿಂದ. "ನಾನು ಬಸ್ಸಲ್ಲಿ ನಿದ್ದೆ ಮಾಡಿ ಎರಡು ವರ್ಷ ಆಯ್ತು."

ಆ ಕೆಂಪು ಕಣ್ಣಿಗೆ ನಾನು ಏನೆಲ್ಲ ಹೆಸರಿಟ್ಟಿದ್ದೆ. ಎರಡು ವರ್ಷದಿಂದ ನನ್ನ ಮಗಳೂ ಮೊಮ್ಮಗನೂ ಜಕಾರ್ತಾ ಮುಟ್ಟಿದ್ದು ಈ ಹುಚ್ಚ ನಿದ್ದೆಗೆಟ್ಟಿದ್ದರಿಂದ.

ವಾರ್ಸಿತೊ ಕತ್ತು ಪೂರ್ತಿ ತಿರುಗಿಸಿ ನನ್ನ ಮುಖ ಹುಡುಕಿದ. "ಯು, ನಿನ್ ಮಗಳು ನನ್ ಬಸ್ಸಲ್ಲೇ ಕೂತಿದಾಳೆ. ಯಾರನ್ನೂ ನಂಬದೋಳು ನೀನು. ನೀನೇ ಹೇಳು ಇವ್ರಿಗೆ." ಹೇಳಿ ಮತ್ತೆ ಡಾಕ್ಟರ ಕಡೆ ತಿರುಗಿ ಎದೆ ನೆಟ್ಟಗೆ ಮಾಡಿ ನಿಂತ.

ಅವನ ಎಡಗಡೆಯಿಂದಲೇ ಹೊರಟೆ. ಬಸ್ಸು ಹತ್ತಿ ನಿದ್ದೆಹೋಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡೆ, ಏಳೇ ಅಂದೆ ತ್ರಿಯಾನಿಗೆ. ಇಳಿಯುವಾಗ ಅವನ ದನಿ ಕೇಳಿಸಿತು. ನಾನು ಪಕ್ಕದಲ್ಲೇ ಇದ್ದೇನೆ ಅಂದುಕೊಂಡು, 'ಹೇಳು ಯು, ಸುಮ್ಮನೆ ಯಾಕೆ ನಿಂತೆ, ಹೇಳು' ಅನ್ನುತ್ತಲೇ ಇದ್ದ. ನನ್ನ ಹಿಂದೆ ತ್ರಿಯಾನಿಯ ಚೀಲ ಧೊಪ್ಪನೆ ನೆಲಕ್ಕೆ ಬಿತ್ತು. ಅವನು ತಿರುಗಿ ಖಾಲಿ ಜಾಗ ನೋಡಿದ, ಆಮೇಲೆ ಬಸ್ಸಿನ ಹತ್ತಿರ ಮಗು ಹೊತ್ತು ನಿಂತ ನನ್ನನ್ನು ನೋಡಿದ. ಜೇಬಿನಿಂದ ಬಸ್ಸಿನ ಕೀಲಿಕೈ ತೆಗೆದು ಡಾಕ್ಟರ ಮೇಜಿನ ಮೇಲೆ ತಾನೇ ಇಟ್ಟ.

ಬದಲಿ ಡ್ರೈವರ್ ಸಂಜೆಗೆ ಬಂದ, ಬೇರೆ ಕಂಡಕ್ಟರನ್ನೂ ಜೊತೆಗೆ ತಂದಿದ್ದ. ಅಷ್ಟು ಹೊತ್ತಿಗೆ ಗಿಯೋನೊ ನನ್ನ ಬೆಂಚಿನ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ವಾರ್ಸಿತೊ ಪಕ್ಕದಲ್ಲಿ ಕೂತು ಟವೆಲಿನಿಂದ ಅವನ ಮುಖದ ನೊಣ ಓಡಿಸುತ್ತಿದ್ದ. ಬಸ್ಸು ಹೊರಟಿತು, 'ಎಡಗಡೆ ಖಾಲಿ' ಅಂತ ಹೊಸಬ ಕೂಗಿದ. ನಿದ್ದೆಯಲ್ಲೇ ಗಿಯೋನೊನ ಕೈ ಎದ್ದು ಬೆಂಚನ್ನು ತಡಕಾಡಿತು. ವಾರ್ಸಿತೊ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಟ್ಟ.