ಕಡಲೆ ಹೊಲದ ಹುಳಿ ಇಬ್ಬನಿ

ಆಗಿನ ಥಂಡಿ ಈಗೆಲ್ಲಿದೆ ಎಂದು ನಮ್ಮ ಕಡೆ ನಲವತ್ತು ದಾಟಿದವರೆಲ್ಲ ಕೇಳುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ಊರಿನ ಚಹಾದಂಗಡಿಯ ಮುಂದೆ ನಿಂತರೂ ಡಿಸೆಂಬರಿನಲ್ಲಿ ಈ ಮಾತು ಕಿವಿಗೆ ಬೀಳುತ್ತದೆ. ನಾನೂ ಹೂಂ ಅನ್ನುತ್ತೇನೆ, ಆದರೆ ಪೂರ್ತಿ ನಂಬುವುದಿಲ್ಲ. ಆಗ ನಾವು ಮಕ್ಕಳು, ಮೈ ಸಣ್ಣದು, ಅಂಗಿ ತೆಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಥಂಡಿ ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವೇನಿಲ್ಲ. ಆಗ ಯಾರೂ ಥರ್ಮಾಮೀಟರ್ ಹಿಡಿದುಕೊಂಡು ನಿಂತಿರಲಿಲ್ಲ.

ನಾನೀಗ ಹತ್ತರಗಿಯಲ್ಲಿದ್ದೇನೆ, ಸಾಲಿಯಲ್ಲಿ ಶಿಕ್ಷಕಿ, ಇಲ್ಲಿಯವರ ಮಾತಲ್ಲಿ ಬಾಯರು. ಹೋದ ವಾರ ಬೆಳಗಿನ ಪ್ರಾರ್ಥನೆಗೆ ಮುಂಚೆ ಮೈದಾನದಲ್ಲಿ ಸುಮ್ಮನೆ ನಿಂತಿದ್ದೆ. ಹೆದ್ದಾರಿಯ ಕಡೆಯಿಂದ ಬರುವ ಗಾಳಿ ಕಿವಿ ಕತ್ತರಿಸುತ್ತಿತ್ತು. ಜೊತೆಯ ಶಿಕ್ಷಕಿ ಶಾಲು ಹೊದ್ದು, ಅದರ ಮೇಲೊಂದು ಸ್ಕಾರ್ಫ್ ಬಿಗಿದು ಬಂದರು.

"ಬಾಯರ, ನಿಮಗ ಥಂಡಿ ಹತ್ತಾಂಗಿಲ್ಲೇನ್ರಿ?"

"ಹತ್ತತೈತ್ರಿ."

"ಮತ್ತ ಹಿಂಗ ನಿಂತೀರಿ?"

"ಛಲೋ ಅನಸ್ತೈತ್ರಿ."

"ಥಂಡಿ ಹತ್ತತೈತಿ, ಛಲೋನೂ ಅನಸ್ತೈತಿ! ತಲಿ ನೆಟ್ಟಗೈತಿಲ್ಲೋ ನಿಮ್ದು?" ಎಂದು ನಕ್ಕು ಒಳಗೆ ಹೋದರು.

ಅವರಿಗೆ ಹೇಳಬೇಕಿತ್ತು. ಹೇಳಲು ಹೊರಟರೆ ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ.

ನಮ್ಮ ಊರು ಮಮದಾಪುರ. ನನಗೆ ಆಗ ಎಂಟೋ ಒಂಬತ್ತೋ. ಅಪ್ಪನ ತಂಗಿ ನೀಲವ್ವ, ನನ್ನ ನೀಲತ್ತಿ, ಪ್ರತಿ ವರ್ಷ ಕಡಲೆ ಹೂ ಬಿಡುವ ಹೊತ್ತಿಗೆ ಮೇಲವಂಕಿಯಿಂದ ತವರಿಗೆ ಬರುತ್ತಿದ್ದಳು. ಬರುವುದಕ್ಕೆ ಒಂದು ಕಾರಣವಿತ್ತು. ಕಡಲೆ ಗಿಡದ ಎಲೆಯ ಮೇಲೆ ಬೀಳುವ ಇಬ್ಬನಿ ಹುಳಿಯಾಗಿರುತ್ತದೆ. ಬಿಳಿ ಬಟ್ಟೆಯಲ್ಲಿ ಆ ಇಬ್ಬನಿಯನ್ನು ಹೀರಿಸಿ, ಹಿಂಡಿ, ಭರಣಿಯಲ್ಲಿ ಕೂಡಿಟ್ಟರೆ ಅದು ವರ್ಷವಿಡೀ ಹೊಟ್ಟೆನೋವಿಗೆ, ಅಜೀರ್ಣಕ್ಕೆ ಔಷಧ. ನಮ್ಮ ಮನೆಯಲ್ಲಿ ಆ ಕೆಲಸ ನೀಲತ್ತಿಯದು. ಮದುವೆಗೆ ಮುಂಚೆಯೂ ಅವಳೇ ಮಾಡುತ್ತಿದ್ದಳಂತೆ. ಅವ್ವನಿಗೆ ಅದು ಕೈಗೆ ಹತ್ತಲಿಲ್ಲ, ಅಥವಾ ನಾದಿನಿಗೆ ಬರಲು ಒಂದು ನೆಪ ಇರಲಿ ಎಂದು ಅವ್ವ ಕಲಿಯಲೇ ಇಲ್ಲವೋ ಏನೋ.

ಆ ಕೆಲಸಕ್ಕೆ ಎರಡು ಜನ ಬೇಕು. ಅಪ್ಪನ ಹಳೆಯ ಧೋತರವನ್ನು ಸಬಕಾರ ಹಚ್ಚದೆ, ಬರೀ ನೀರಿನಲ್ಲಿ ಮೂರು ಸಲ ಸೆಳೆದು ಒಣಗಿಸಬೇಕು. ಹೊತ್ತು ಮೂಡುವ ಮೊದಲು ಹೊಲಕ್ಕೆ ಹೋಗಿ, ಒಂದು ತುದಿಯನ್ನು ಅತ್ತಿ, ಇನ್ನೊಂದು ತುದಿಯನ್ನು ನಾನು ಹಿಡಿದು, ಗಿಡಗಳ ತಲೆ ಸವರಿಕೊಂಡು ಸಾಲಿನಗುಂಟ ನಡೆಯಬೇಕು. ಮೋಡ ಕವಿದರೆ ಇಬ್ಬನಿ ಇಲ್ಲ. ಗಾಳಿ ಬೀಸಿದರೂ ಇಲ್ಲ. ಆಕಾಶ ಬಿಚ್ಚಿಕೊಂಡು, ಗಾಳಿ ಸತ್ತು, ನೆಲ ಕಲ್ಲಾಗುವಷ್ಟು ಥಂಡಿ ಬಿದ್ದ ಬೆಳಿಗ್ಗೆಯೇ ಬೇಕು. ಊರೆಲ್ಲ ಕೌದಿಯೊಳಗೆ ಮುದುಡಿ ಥಂಡಿಯನ್ನು ಬೈಯುತ್ತಿದ್ದಾಗ, ನಮ್ಮ ಮನೆಯಲ್ಲಿ ಒಬ್ಬಳು ಮಾತ್ರ ಬಾಗಿಲು ತೆರೆದು ಮುಖ ಹೊರಗಿಟ್ಟು, "ಬಂತ್ ನೋಡ ನನ್ನ ಥಂಡಿ" ಅನ್ನುತ್ತಿದ್ದಳು.

"ಏ ಕಮಲಿ, ಎಳಿಬ್ಯಾಡ, ಸವರಿದಂಗ ಬಾ. ಹೂವ ಉದುರ್ತಾವ."

"ಅತ್ತಿ, ಕೈ ಇಲ್ಲದಂಗ ಆಗ್ಯಾವ."

"ಅದಾವ, ಅದಾವ. ಎಲ್ಲಿ ಹೊಕ್ಕಾವ? ಮುಂಗೈ ತುದಿಗೇ ಅದಾವ ನೋಡ."

ಹುಳಿನೀರು ಕಾಲಿನ ಒಡಕುಗಳಿಗೆ ಇಳಿದು ಚುರುಚುರು ಉರಿಯುತ್ತಿತ್ತು. ಬೆರಳು ನೆಕ್ಕಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಒದ್ದೆ ಕರಿಮಣ್ಣು, ಕಡಲೆ ಎಲೆ, ಅತ್ತಿ ಹೊದ್ದ ಕೌದಿಯ ಹೊಗೆ, ಈ ಮೂರೂ ಸೇರಿದ ವಾಸನೆಯೊಂದಿತ್ತು. ಅದನ್ನು ನಾನು ನಿಜವಾಗಿ ನೆನೆಯುತ್ತೇನೆಯೇ, ಅಥವಾ ಬರೆಯುವಾಗ ಬೇಕೆಂದು ಕೂಡಿಸುತ್ತಿದ್ದೇನೆಯೇ? ಗೊತ್ತಿಲ್ಲ. ಕಾಲು ಉರಿದದ್ದು ಮಾತ್ರ ಖರೆ.

ಬದುವಿನ ಮೇಲೆ ಕುಳಿತು ಬಟ್ಟೆ ಹಿಂಡಿದರೆ ಒಂದು ಹೊಲಕ್ಕೆ ಒಂದು ಬಟ್ಟಲು ಹುಳಿ. ಆಮೇಲೆ ಬುತ್ತಿ ಬಿಚ್ಚುವುದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿಯಾದ ಬೆಣ್ಣೆಯ ಉಂಡೆ. ಥಂಡಿಗೆ ರೊಟ್ಟಿ ಹಪ್ಪಳದಂತೆ ಮುರಿಯುತ್ತಿತ್ತು. ತಿನ್ನುತ್ತ ನಾನು ಎರಡು ಬೆರಳು ತುಟಿಗಿಟ್ಟು ಬೀಡಿ ಸೇದುವವರಂತೆ ಬಾಯಿಂದ ಹೊಗೆ ಬಿಡುತ್ತಿದ್ದೆ. ಅತ್ತಿಯೂ ಬಿಡುತ್ತಿದ್ದಳು.

"ನೋಡ, ನಾ ಆಡಿದ ಮಾತ ಕಣ್ಣಿಗೆ ಕಾಣತಾವ ಇಲ್ಲಿ" ಎಂದಳು ಒಮ್ಮೆ. "ಅಲ್ಲಿ ಕಿವಿಗೂ ಬೀಳಾಂಗಿಲ್ಲ ಯಾರಿಗೂ."

ಅಲ್ಲಿ ಎಂದರೆ ಮೇಲವಂಕಿ. ಅವಳ ಗಂಡ ಅವಳೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹೊಡೆತವಿಲ್ಲ, ಬೈಗುಳವಿಲ್ಲ, ಊಟಕ್ಕೆ ಕೊರತೆಯಿಲ್ಲ. ಮಾತಿಲ್ಲ, ಅಷ್ಟೆ. ಅವನನ್ನು ನೋಡಿ ಅವನ ತಾಯಿ, ತಾಯಿಯನ್ನು ನೋಡಿ ನೆಗೆಣ್ಣಿಯರು, ಹೀಗೆ ಇಡೀ ಮನೆಯೇ ಮಾತು ನಿಲ್ಲಿಸಿತ್ತು. ಕಾರಣ ಏನೆಂದು ಆಗ ನನಗೆ ಯಾರೂ ಹೇಳಲಿಲ್ಲ. ದೊಡ್ಡವಳಾದ ಮೇಲೆ ಮೂರು ಬೇರೆ ಬೇರೆ ಕಾರಣ ಕೇಳಿದ್ದೇನೆ. ಮೂರೂ ಅಷ್ಟು ಸಣ್ಣವು, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಆ ವರ್ಷ ಅವಳಿಗೆ ಹಿಂದಿರುಗುವ ಮನಸ್ಸಿರಲಿಲ್ಲ. ಸಂಕ್ರಾಂತಿ ಹೊಸ್ತಿಲಲ್ಲಿತ್ತು. ಮೇಲವಂಕಿಯಿಂದ ಯಾರೋ ಬಂದು ಅಪ್ಪನ ಕಿವಿಯಲ್ಲಿ ಏನೋ ಹೇಳಿ ಹೋದರು. ಮುಂಜಾನೆ ಚಹಾ ಕುಡಿಯುವಾಗ ಅಪ್ಪ ಅತ್ತಿಯ ಮುಖ ನೋಡದೆ ಕೇಳಿದ.

"ಎಂದ ಹೋಗ್ತೀ?"

"ಹುಳಿ ಇನ್ನೂ ಆಗಿಲ್ಲಣ್ಣಾ. ಭರಣಿ ಅರ್ಧಾ ಐತಿ."

ಅಪ್ಪ ಚಹಾದ ಬಸಿ ಕೆಳಗಿಟ್ಟ. "ಆತು. ಭರಣಿ ತುಂಬಿದ ದಿನ ನಾನ ಬಿಟ್ಟ ಬರ್ತೇನಿ. ಊರವರ ಬಾಯಿಗೆ ನಾ ಏನ ಹೇಳಲಿ, ನೀನ ಹೇಳ."

ಅಪ್ಪ ಕೆಟ್ಟವನಲ್ಲ. ಅವನಿಗೆ ತಂಗಿಗಿಂತ ಊರಿನ ಭಯ ದೊಡ್ಡದಿತ್ತು, ಅಷ್ಟೆ.

ಅಂದಿನಿಂದ ಅತ್ತಿ ಹುಳಿಯನ್ನು ಕಂಡಕಂಡವರಿಗೆ ಕೊಡತೊಡಗಿದಳು. ಹೊಟ್ಟೆ ನೋಯುವವರಿಗೆ, ನೋಯದವರಿಗೆ, ಮುಂದೆ ನೋಯಬಹುದಾದವರಿಗೆ. "ಒಯ್ಯಿರಿ, ಬೇಕಾಗತೈತಿ" ಎಂದು ಕರೆದು ಕೊಡುತ್ತಿದ್ದಳು. ಅವ್ವ ನೋಡಿಯೂ ನೋಡದಂತೆ ಒಲೆ ಊದುತ್ತಿದ್ದಳು. ಆದರೂ ಆ ವರ್ಷದ ಥಂಡಿ ಎಂಥದ್ದೆಂದರೆ, ಧೋತರ ಹಿಂಡಿದಷ್ಟೂ ಹನಿಯುತ್ತಿತ್ತು. ಅವಳನ್ನು ಇಲ್ಲಿ ಉಳಿಸಿದ ಥಂಡಿಯೇ ಭರಣಿ ತುಂಬಿಸುತ್ತಿತ್ತು.

ಆ ವಾರವೇ ಸಾಲಿಯಲ್ಲಿ ಹಿಮಾಲಯದ ಪಾಠವಾಯಿತು. ಪುಸ್ತಕದಲ್ಲಿ ಹಿಮ ಮುಚ್ಚಿದ ಹಳ್ಳಿಯ ಚಿತ್ರವಿತ್ತು. ಮರುದಿನ ಹೊಲದಲ್ಲಿ ಅತ್ತಿಗೆ ಹೇಳಿದೆ.

"ಅತ್ತಿ, ಅಲ್ಲಿ ಆಕಾಶದಿಂದ ಬರ್ಫ ಬೀಳತೈತಂತ. ಹತ್ತಿ ಹಿಂಜಿದಂಗ."

"ಬಿದ್ದದ್ದ ಕರಗಾಂಗಿಲ್ಲೇನ?"

"ತಿಂಗಳಗಟ್ಟಲೆ ಕರಗಾಂಗಿಲ್ಲಂತ. ದಾರಿ ಎಲ್ಲಾ ಬಂದ್ ಅಕ್ಕಾವಂತ. ಯಾರೂ ಎಲ್ಲೂ ಹೋಗಾಕ ಬರಾಂಗಿಲ್ಲಂತ."

ಅತ್ತಿ ಧೋತರ ಹಿಡಿದು ನಿಂತೇಬಿಟ್ಟಳು.

"ಎಂಥಾ ಪುಣ್ಯವಂತ ಊರ ಬೇ ಅವು" ಎಂದಳು.

ಅಂದೇ ನಾನು ಕದಿಯಲು ಶುರುಮಾಡಿದೆ. ಮಧ್ಯಾಹ್ನ ಅವ್ವ ಮತ್ತು ಅತ್ತಿ ಅಂಗಳದಲ್ಲಿ ಜೋಳ ಹಸನು ಮಾಡುವಾಗ, ಭರಣಿಯಿಂದ ಒಂದು ಸೌಟು ಹುಳಿ ತೆಗೆಯುತ್ತಿದ್ದೆ. ಚೆಲ್ಲಬಹುದಿತ್ತು. ಆದರೆ ಹುಳಿ ಚೆಲ್ಲಿದರೆ ಕಡಲೆ ಬೆಳೆ ಮುನಿಯುತ್ತದೆ ಎಂದು ಅತ್ತಿಯೇ ಹೇಳಿದ್ದಳು. ಹಾಗಾಗಿ ಕೂಡಿಡಬೇಕೆನಿಸಿತು. ಅಡುಗೆಮನೆಯ ಗೋಡೆಗೆ ಹೊಡೆದ ಉದ್ದನೆಯ ಹಲಗೆಯ ಮೇಲೆ, ಬಳಸದ ಪಾತ್ರೆಗಳ ಹಿಂದೆ, ಒಂದು ಹಿತ್ತಾಳಿ ತಂಬಿಗೆ ಇತ್ತು. ಡಬ್ಬಿಯ ಮೇಲೆ ಹತ್ತಿ ಅದರಲ್ಲಿ ಹಾಕಿ, ತಾಟು ಮುಚ್ಚಿಡುತ್ತಿದ್ದೆ. ಹುಳಿಯನ್ನು ಹಿತ್ತಾಳಿಯಲ್ಲಿ ಇಡಬಾರದೆಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿರಬೇಕು. ಆದರೆ ಕೈಗೆಟುಕಿದ್ದು ಅದೊಂದೇ.

ದಿನಕ್ಕೊಂದು ಸೌಟು. ಭರಣಿ ನಿಂತಲ್ಲೇ ನಿಂತಿತು.

"ಯಾಕೋ ಈ ಸಲ ಇಬ್ಬನಿಗೆ ಕಸುವಿಲ್ಲ" ಎಂದಳು ಅತ್ತಿ, ಭರಣಿಯೊಳಗೆ ಇಣುಕಿ. ಹಾಗೆನ್ನುವಾಗ ನನ್ನ ಕಡೆ ನೋಡಿ ನಕ್ಕಳು. ಈ ನಗುವನ್ನು ನಾನು ಎಷ್ಟೋ ಸಲ ತೂಗಿ ನೋಡಿದ್ದೇನೆ. ಅವಳು ನಕ್ಕಿರದೇ ಇರಬಹುದು. ನಕ್ಕಿರಲಿ ಎಂಬ ಆಸೆಯಿಂದ ನಾನೇ ಆಮೇಲೆ ಅವಳ ಮುಖಕ್ಕೆ ಅಂಟಿಸಿರಬಹುದು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಮೂಡಲಗಿಯಿಂದ ಮೌಲಾ ಕಾಕಾ ಬಂದ. ವರ್ಷಕ್ಕೊಮ್ಮೆ ಬಂದು ಬೇವಿನ ಗಿಡದ ಕೆಳಗೆ ಭಟ್ಟಿ ಹೂಡಿ, ಊರಿನ ಹಿತ್ತಾಳಿ ಪಾತ್ರೆಗಳ ಒಳಮೈಗೆಲ್ಲ ತವರದ ಕಲಾಯಿ ಹಚ್ಚಿಕೊಡುವವನು. ಕಾದ ಪಾತ್ರೆಗೆ ನವಸಾಗರ ಉದುರಿಸಿದಾಗ ಏಳುವ ಬಿಳಿ ಹೊಗೆಗೆ ನಾವು ಮಕ್ಕಳೆಲ್ಲ ಮೂಗು ಹಿಡಿದುಕೊಂಡು ಸುತ್ತ ನಿಲ್ಲುತ್ತಿದ್ದೆವು. ಥಂಡಿಗೆ ಭಟ್ಟಿಯ ಕಾವು ಬೇರೆ ಸಿಗುತ್ತಿತ್ತು. ಆ ದಿನ ನಾನು ಸಾಲಿಯಿಂದ ಓಡಿ ಬರುವಷ್ಟರಲ್ಲಿ ಅವ್ವ ಹಲಗೆಯ ಮೇಲಿದ್ದ ಪಾತ್ರೆಗಳನ್ನೆಲ್ಲ ಇಳಿಸಿ ಬುಟ್ಟಿಯಲ್ಲಿ ಕಳಿಸಿಬಿಟ್ಟಿದ್ದಳು. ಕಾಕಾನ ಕೈಯಲ್ಲಿ ತಂಬಿಗೆ ಇತ್ತು. ಅವನು ತಾಟು ತೆಗೆದು ಮೂಸಿದ. ಒಳಗಿನದು ಗಿಳಿಯ ಬಣ್ಣಕ್ಕೆ ತಿರುಗಿತ್ತು.

"ಯಾ ಅಲ್ಲಾ! ಯಾರ ಬೇ ಇದನ್ನ ಹಾಕಿದವರ? ಕಲಾಯಿ ಬಿಟ್ಟ ಹಿತ್ತಾಳಿಗೆ ಕಡ್ಲಿ ಹುಳಿ! ಕುಡದಿದ್ರ ಮನಿಮಂದಿಯೆಲ್ಲಾ ಕಕ್ಕೋಂತ ಬೀಳ್ತಿದ್ರಿ!"

ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. ಎದ್ದು ಬಂದು ನೋಡಿದ. ಹಸಿರು ನೀರನ್ನು ನೋಡಿ, ಬುಟ್ಟಿಯ ಪಕ್ಕ ನಿಂತಿದ್ದ ಅತ್ತಿಯನ್ನು ನೋಡಿದ.

"ಇದಕ್ಕ ಕುಂತೀಯೇನ ನೀ ಇಲ್ಲಿ? ಮಕ್ಕಳಿರೋ ಮನ್ಯಾಗ ವಿಷಾ ಕೂಡಿಡಾಕ?"

ನಾನು ಭಟ್ಟಿಯ ಆಚೆ ನಿಂತಿದ್ದೆ. ಅತ್ತಿ ನನ್ನ ಕಡೆ ನೋಡಿದಳು. ಈ ನೋಟ ಮಾತ್ರ ನಾನು ಅಂಟಿಸಿದ್ದಲ್ಲ.

"ನಾನ ಇಟ್ಟಿದ್ನಿ ಅಣ್ಣಾ" ಎಂದಳು. "ಭರಣಿ ತುಂಬಬಾರದಂತ ಇಟ್ಟಿದ್ನಿ. ಹಿತ್ತಾಳಿ ಅನ್ನೂದ ಮರತ ಹೋತು."

ಕಾಕಾ ಇಕ್ಕಳ ಕೆಳಗಿಟ್ಟ. "ಇರ್ಲಿ ಬಿಡ್ರಿ, ಯಾರಿಗೂ ಏನ ಆಗಿಲ್ಲಲಾ. ತಿಕ್ಕಿ ಕಲಾಯಿ ಹಾಕಿದ್ರ ಹೊಸಾದ ಅಕ್ಕೈತಿ."

"ನಾಳೆ ಮುಂಜಾನೆ ಬಸ್ಸಿಗೆ ಹೊಂಡು" ಎಂದ ಅಪ್ಪ ತಂಗಿಗೆ.

ನಾನು ಬಾಯಿ ತೆರೆದೆ. ಒಳಗೆ ಮಾತಿತ್ತು. ನಾನು, ಎಂಬ ಎರಡಕ್ಷರ. ಅಪ್ಪನ ಕೈ ನನಗೆ ಗೊತ್ತಿತ್ತು. ಭಟ್ಟಿಯ ಹೊಗೆ ಬಾಯಿಗೆ ಹೋಗಿ ಕೆಮ್ಮು ಬಂತು ಎಂದು ಎಷ್ಟೋ ವರ್ಷ ನಾನು ನನಗೇ ಹೇಳಿಕೊಂಡಿದ್ದೇನೆ. ಕೆಮ್ಮು ಬಂದಿರಲಿಲ್ಲ.

ಮರುದಿನ ಅವಳು ಹೋದಳು. ಬಸ್ಸಿನವರೆಗೆ ನಾನೂ ಹೋಗಿದ್ದೆ ಎಂದು ನನ್ನ ಅಣ್ಣ ಹೇಳುತ್ತಾನೆ. ನನಗೆ ಬಸ್ಸು ನೆನಪಿಲ್ಲ. ಕೌದಿಯೊಳಗೆ ಮುಖ ಮುಚ್ಚಿ ಮಲಗಿದ್ದೆ, ನಿದ್ದೆ ಬಂದವರಂತೆ ಉಸಿರಾಡುತ್ತಿದ್ದೆ, ಅವಳು ಬಂದು ಕೌದಿಯ ಮೇಲಿಂದಲೇ ನನ್ನ ಪಾದ ಹಿಡಿದು ಒಮ್ಮೆ ಅದುಮಿ ಹೋದಳು ಎಂಬುದು ನನ್ನ ನೆನಪು. ಎರಡರಲ್ಲಿ ಒಂದು ಸುಳ್ಳು. ಅಣ್ಣನದೇ ಇರಲಿ ಎಂದುಕೊಳ್ಳುತ್ತೇನೆ.

ಮುಂದಿನ ಚಳಿಗಾಲ ಅಪ್ಪ ಕರೆಯಲು ಹೋಗಲಿಲ್ಲ. ಅದರ ಮುಂದಿನ ವರ್ಷ ಹೋದ. ಅವಳೇ, "ಕೆಲಸ ಬಾಳ ಅದಾವ, ಬರಾಕ ಆಗಾಂಗಿಲ್ಲ" ಎಂದಳಂತೆ. ಮದುವೆ ಮುಂಜಿಗಳಲ್ಲಿ ಆಮೇಲೆ ಸಿಗುತ್ತಿದ್ದಳು. ತಲೆ ಸವರುತ್ತಿದ್ದಳು, ಓದು ಕೇಳುತ್ತಿದ್ದಳು. ಮಾತು ಕಡಿಮೆಯಾಗಿತ್ತು. ಆ ಮನೆಯ ರೋಗ ಅವಳಿಗೂ ಹತ್ತಿತ್ತು. ಅವಳು ಒಬ್ಬಳೇ ಇದ್ದಾಗ ಹೇಳಬೇಕೆಂದು ಕಾಯುತ್ತಲೇ ಹೋದೆ. ಮದುವೆ ಮನೆಯಲ್ಲಿ ಯಾರು ಒಬ್ಬರೇ ಇರುತ್ತಾರೆ? ಈಗ ಅವಳಿಲ್ಲ.

ನಾನೊಮ್ಮೆ ಸಹೋದ್ಯೋಗಿಗಳೊಂದಿಗೆ ಉತ್ತರಕ್ಕೆ ಪ್ರವಾಸ ಹೋಗಿ ನಿಜವಾದ ಹಿಮ ನೋಡಿದೆ. ಎಲ್ಲರೂ ಎರಚಾಡಿದರು, ಫೋಟೋ ತೆಗೆಸಿಕೊಂಡರು. ನನಗೆ ಅದು ಒಣ ಎನಿಸಿತು, ವಾಸನೆಯಿಲ್ಲದ್ದು ಎನಿಸಿತು. ಸಂಜೆ ದಾರಿಯನ್ನು ಯಂತ್ರದಿಂದ ತೆರವು ಮಾಡಿದರು, ಎಲ್ಲರೂ ನಮ್ಮ ನಮ್ಮ ಊರಿಗೆ ಹೊರಟೆವು.

ಥಂಡಿ ಯಾಕೆ ಇಷ್ಟ ಎಂದು ಕೇಳಿದವರಿಗೆ ನನ್ನ ಹತ್ತಿರ ಇಷ್ಟೇ ಇದೆ. ಬೇರೆಯವರಿಗೆ ಥಂಡಿ ಎಂದರೆ ಹವಾಮಾನ. ನನಗೆ ಅದು, ಒಬ್ಬರು ಇನ್ನೂ ಹೊರಟಿಲ್ಲ ಎಂಬ ಸುದ್ದಿ. ಮೈ ನಡುಗಿದಾಗ ಮನಸ್ಸು ಅದನ್ನೇ ಕೇಳಿಸಿಕೊಂಡು ಖುಷಿಪಡುತ್ತದೆ. ಅವಳು ಹೋಗಿಯಾಗಿದೆ ಎಂದು ಆಮೇಲೆ ಅದಕ್ಕೆ ತಿಳಿಯುತ್ತದೆ.

ಕಳೆದ ತಿಂಗಳು ಮಮದಾಪುರಕ್ಕೆ ಹೋದಾಗ ಅವ್ವನನ್ನು ಕೇಳಿದೆ. ಆ ವರ್ಷ ಥಂಡಿ ನಿಜವಾಗಿ ಅಷ್ಟಿತ್ತೇ ಎಂದು. ಅವ್ವನಿಗೆ ಈಗ ಅನೇಕ ಸಂಗತಿಗಳು ಕಲಸಿಹೋಗಿವೆ. ಇದಕ್ಕೆ ಮಾತ್ರ ಯೋಚಿಸದೆ ಉತ್ತರಿಸಿದಳು.

"ಆ ವರ್ಷೇನ? ಶಿವರಾತ್ರಿ ತನಕ ಬಿಡಲಿಲ್ಲ ಬೇ. ಕಡ್ಲಿ ಕೀಳೂ ದಿವಸನೂ ಕೈ ನಡಗತಿದ್ವು."

ಅಂದರೆ ಇನ್ನೂ ಒಂದು ತಿಂಗಳ ಥಂಡಿ ಉಳಿದಿತ್ತು. ನಾನು ಬಾಯಿ ಬಿಟ್ಟಿದ್ದರೆ ನನಗೆ ಎರಡು ಏಟು ಬೀಳುತ್ತಿದ್ದವು, ಮತ್ತು ಅತ್ತಿ ಆ ಒಂದು ತಿಂಗಳು ಇಲ್ಲಿ ಮಾತಾಡುತ್ತಿದ್ದಳು.