ಅಣಕ ಅಂದರು

ಕಡೂರಿನಿಂದ ದಿನಾ ಬಸ್ಸು ಹಿಡಿದು, ಅಜ್ಜಂಪುರದ ಆಚೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪ್ರಜಾಪ್ರಭುತ್ವದ ಪಾಠ ಮಾಡುವುದಕ್ಕೇ ನನಗೆ ಸಂಬಳ. ಮಕ್ಕಳು ಅದನ್ನು ನಿಜ ಅಂತ ನಂಬಿಬಿಟ್ಟರೆ ಏನು ಮಾಡಬೇಕು ಅಂತ ಮಾತ್ರ ಯಾವ ತರಬೇತಿಯಲ್ಲೂ ಯಾರೂ ಹೇಳಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಚರ್ಚೆ ಅಂದರೆ ಮೊದಮೊದಲು ಬರೀ ಕಿರುಚಾಟ. ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬ "ಏ, ಸುಮ್ನಿರೇ" ಅಂತ ಎದ್ದಿರುತ್ತಿದ್ದ. ಅದಕ್ಕೇ ಒಂದು ನಿಯಮ ಮಾಡಿದೆ. ಎದುರಿನವರ ಮಾತು ಒಪ್ಪಿಗೆಯಾಗದಿದ್ದರೆ, ಮೊದಲು ಅದನ್ನು ಅವರ ಮಾತಿನಲ್ಲೇ ಹೇಳಿ, "ನೀವು ಹೇಳಿದ್ದು ಇದು ತಾನೆ?" ಎಂದು ಕೇಳಬೇಕು. ಅವರು ಹೌದು ಅಂದ ಮೇಲೆಯೇ ತಕರಾರು. ಇದರಲ್ಲಿ ಎಲ್ಲರಿಗಿಂತ ಪಳಗಿದವಳು ಊರಿನ ನೀರುಗಂಟಿಯ ಮಗಳು. ಪಂಚಾಯ್ತಿ ಬೋರ್‌ವೆಲ್ಲಿನ ಮೋಟಾರ್ ಹಾಕಿ ಬೀದಿಬೀದಿಗೆ ನೀರು ಬಿಡುವುದು ಅವಳ ಅಪ್ಪನ ಕೆಲಸ. ಹುಡುಗಿ ಎಷ್ಟು ಗಮನವಿಟ್ಟು ಕೇಳಿಸಿಕೊಳ್ಳುತ್ತಿದ್ದಳೆಂದರೆ, ವಾದದಲ್ಲಿ ಸೋತ ಹುಡುಗರಿಗೂ ಅವಳ ಮೇಲೆ ಸಿಟ್ಟು ಬರುತ್ತಿರಲಿಲ್ಲ.

ಆ ವರ್ಷ ಮಕ್ಕಳ ಗ್ರಾಮಸಭೆ ನಮ್ಮ ಶಾಲೆಯ ಅಂಗಳದಲ್ಲೇ ಆಯಿತು. ಶಾಮಿಯಾನ, ಹಾರ, ಬಿಸ್ಕತ್ತು, ಯಾವುದಕ್ಕೂ ಕಡಿಮೆಯಿರಲಿಲ್ಲ. ಮಕ್ಕಳು ಕೇಳಬೇಕಾದ ಪ್ರಶ್ನೆಗಳನ್ನೂ ಹೆಡ್‌ಮಾಸ್ಟರೇ ಬಾಯಿಪಾಠ ಮಾಡಿಸಿದ್ದರು. ಪಂಚಾಯ್ತಿ ಅಧ್ಯಕ್ಷರು ಭಾಷಣದಲ್ಲಿ, "ಶಾಲೆಗೆ ನೀರು ಯಾವತ್ತೂ ತಪ್ಸಿಲ್ಲ ಕಣ್ರಪ್ಪಾ, ನಮ್ಗೆ ಮಕ್ಳೇ ಮೊದ್ಲು" ಅಂದರು. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಒಣಗಿ ತಿಂಗಳುಗಳೇ ಆಗಿದ್ದವು. ಮುಟ್ಟಾದ ದಿನ ಹುಡುಗಿಯರು ಶಾಲೆಗೇ ಬರುತ್ತಿರಲಿಲ್ಲ.

ನೀರುಗಂಟಿಯ ಮಗಳು ಎದ್ದಳು. ಕೈಕಟ್ಟಿಕೊಂಡೇ ಕೇಳಿದಳು.

"ಶಾಲೆಗೆ ನೀರು ಯಾವತ್ತೂ ತಪ್ಸಿಲ್ಲ, ನಮ್ಗೆ ಮಕ್ಳೇ ಮೊದ್ಲು. ನೀವು ಹೇಳಿದ್ದು ಇದು ತಾನೆ ಸಾರ್?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ನಮ್ಮ ಕಡೆ ದೊಡ್ಡವರ ಮಾತನ್ನು ಮಕ್ಕಳು ಅವರೆದುರಿಗೇ ತಿರುಗಿ ಹೇಳಿದರೆ ಅದು ಅಣಕವೇ, ಬೇರೇನೂ ಅಲ್ಲ.

"ನನ್ನೇ ಅಣಕಿಸ್ತೀಯೇನಮ್ಮಾ? ಯಾರ್ ಮಗ್ಳು ನೀನು?" ಅಧ್ಯಕ್ಷರು ಗುಡುಗಿದರು.

ನಾನು ಎದ್ದು, "ಅಣಕ ಅಲ್ಲ ಸಾರ್, ನಾನೇ ಕಲಿಸಿದ್ದು. ಅವಳ ಪ್ರಶ್ನೆ ಇನ್ನೂ ಮುಗಿದಿಲ್ಲ" ಅಂದೆ. "ಓಹೋ, ಇದನ್ನೇನ್ರೀ ಕಲ್ಸೋದು?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಹೆಡ್‌ಮಾಸ್ಟರ್ ಮಹಾಶಯರು ಮೈಕ್ ಕಿತ್ತುಕೊಂಡು ವಂದನಾರ್ಪಣೆಯನ್ನೇ ಶುರುಮಾಡಿಬಿಟ್ಟರು! ಥೂ, ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಒಣಗಿದ ನಲ್ಲಿಯ ವಿಷಯ ಬಾಯಿಗೆ ಬರುವ ಮೊದಲೇ ಸಭೆ ಮುಗಿದಿತ್ತು.

ಮಾರನೆಯ ದಿನ ಅವಳ ಅಪ್ಪ ಬಂದ.

"ನಿಮ್ನ ಬೈಯಕ್ಕೆ ಬಂದಿಲ್ಲ ಮೇಡಂ. ಮೋಟ್ರು ಮನೆ ಬೀಗದ ಕೈ ಇಟ್ಟು ಹೋಗು ಅಂದ್ರು ಅಧ್ಯಕ್ಷರು. ಕಾಲ್ ಹಿಡ್ಕಂಡೆ. ಮಗ್ಳನ್ನ ಈ ಸ್ಕೂಲಿಂದ ಬಿಡ್ಸಿದ್ರೆ ಕೆಲ್ಸ ಉಳಿಯುತ್ತಂತೆ. ಟಿ.ಸಿ. ಕೊಡ್ಸಿ."

"ಇದೇನ್ ಪಾಳೇಗಾರಿಕೇನಾ? ನಡೀರಿ, ಅರ್ಜಿ ಕೊಡೋಣ. ನಾನಿದೀನಿ" ಎಂದು ಕೂಗಾಡಿದೆ.

ಅವನು ದನಿ ಏರಿಸಲಿಲ್ಲ. "ನಿಮ್ಗಾದ್ರೆ ಟ್ರಾನ್ಸ್‌ಫರ್ ಆಗುತ್ತೆ ಮೇಡಂ. ನಾವ್ ಎಲ್ಗ್ ಹೋಗಣ?"

ಟಿ.ಸಿ. ಮಧ್ಯಾಹ್ನದೊಳಗೇ ಸಿದ್ಧವಾಯಿತು. ನಮ್ಮ ಆಫೀಸಿನಲ್ಲಿ ಬೇರೆ ಯಾವ ಕಾಗದವೂ ಅಷ್ಟು ಬೇಗ ಸಿದ್ಧವಾಗಿದ್ದನ್ನು ನಾನು ಕಂಡಿಲ್ಲ. ಹುಡುಗಿಯನ್ನು ತರೀಕೆರೆಯ ಸೋದರತ್ತೆಯ ಮನೆಗೆ ಕಳಿಸಿದರು.

ಮೊನ್ನೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ "ಮಿಸ್" ಅಂತ ಕೂಗಿದ್ದು ಕೇಳಿ ತಿರುಗಿದರೆ, ಅವಳೇ. ಎತ್ತರವಾಗಿದ್ದಾಳೆ. ಅಪ್ಪ ಇನ್ನೂ ನೀರು ಬಿಡುತ್ತಿದ್ದಾನಂತೆ. ಸುಮ್ಮನಿರಲಾರದೆ ಕೇಳಿದೆ, "ಈ ಸ್ಕೂಲಲ್ಲೂ ಚರ್ಚೆ ಮಾಡಿಸ್ತಾರೇನೇ?"

"ಮಾಡಿಸ್ತಾರೆ ಮಿಸ್. ಮಾತಾಡೋರ ಟೈಮ್ ಮುಗಿದ್ರೆ ನಾನ್ ಬೆಲ್ ಹೊಡೀತೀನಿ."

"ನಿಂಗ್ಯಾರೇ ಕೊಟ್ರು ಆ ಕೆಲ್ಸ?"

"ನಾನೇ ಕೇಳಿ ಇಸ್ಕಂಡೆ" ಎಂದು ನಕ್ಕಳು. "ಅದ್ರಲ್ಲಿ ಬಾಯಿ ತೆಗ್ಯೋ ಹಂಗೇ ಇಲ್ಲ ನೋಡಿ ಮಿಸ್."